ಬೇಸ್ ಎಲ್ಲಿ ಸೋರಿ ಹೋಗುತ್ತಿದೆ? ಕಾರಿನೊಳಗಿನ ಗಾಳಿಯ ಲೆಕ್ಕ

ಮೊದಲು ಒಂದು ಪರೀಕ್ಷೆ ಮಾಡಿ. ದುಡ್ಡು ಬೇಡ, ಎರಡು ನಿಮಿಷ ಸಾಕು. ಕಾರಿನಲ್ಲಿ ಕೂತು ಗಾಜು ಏರಿಸಿ, ಬೇಸ್, ಅಂದರೆ ದುಂ ದುಂ ಅನ್ನುವ ತಗ್ಗಿನ ಸದ್ದು, ಚೆನ್ನಾಗಿರುವ ಒಂದು ಹಾಡು ಹಾಕಿ. ಸ್ಟೀರಿಯೊ ಸೆಟ್ಟಿಂಗಿನಲ್ಲಿ ಫೇಡರ್ ಅಂತ ಇರುತ್ತದೆ. ಅದನ್ನು ಪೂರ್ತಿ ಮುಂದಕ್ಕೆ ತನ್ನಿ, ಹಿಂದಿನ ಸ್ಪೀಕರುಗಳು ಸುಮ್ಮನಾಗಲಿ. ಈಗ ಬ್ಯಾಲೆನ್ಸನ್ನು ನಿಧಾನವಾಗಿ ಪೂರ್ತಿ ಎಡಕ್ಕೆ ತಳ್ಳಿ. ಬಲಗಡೆಯ ಸ್ಪೀಕರ್ ನಿಲ್ಲುತ್ತದೆ. ಎರಡರ ಬದಲು ಒಂದೇ ಹಾಡುವಾಗ ಬೇಸ್ ಕಡಿಮೆಯಾಗಬೇಕು, ಅಲ್ವಾ? ಅದರ ಬದಲು ಬೇಸ್ ಜಾಸ್ತಿ ಆಯಿತು, ಬ್ಯಾಲೆನ್ಸ್ ನಡುವಿಗೆ ತಂದ ಕೂಡಲೇ ಮತ್ತೆ ಮಾಯವಾಯಿತು ಅಂದರೆ, ಒಂದು ಸ್ಪೀಕರಿಗೆ ಪ್ಲಸ್ ಮೈನಸ್ ಅದಲುಬದಲಾಗಿದೆ.

ನಮ್ಮ ಭಾವನ ಹಳೇ ಹ್ಯಾಚ್‌ಬ್ಯಾಕಿನಲ್ಲಿ ಆಗಿದ್ದು ಇದೇ. ಒಂದು ಅಂಗಡಿಯಲ್ಲಿ ಮುಂದಿನ ಎರಡು ಡೋರ್ ಸ್ಪೀಕರ್ ಬದಲಾಯಿಸಿಕೊಂಡು ಬಂದಿದ್ದರು. ಹೊಸ ಸ್ಪೀಕರ್ ಬಂದ ಮೇಲೆ ಬೇಸ್ ಮೊದಲಿಗಿಂತ ಕಡಿಮೆಯಾಗಿತ್ತು. ಆರು ತಿಂಗಳು ಹಾಗೇ ಓಡಿಸಿದ್ದರು. "ಜೆ.ಸಿ. ರೋಡಿಗೆ ಹೋಗಿ ದೊಡ್ಡದೊಂದು ಸಬ್‌ವೂಫರ್ ಹಾಕಿಸಿಬಿಡ್ತೀನಿ ಕಣೋ, ಜೊತೆಗೆ ಬಾ" ಅಂತ ಕರೆದರು. ಜೆ.ಸಿ. ರೋಡ್ ಅಂದರೆ ಬೆಂಗಳೂರಿನಲ್ಲಿ ಕಾರಿನ ಸಾಮಾನಿನ ಅಂಗಡಿಗಳಿರುವ ಬೀದಿ, ಸಬ್‌ವೂಫರ್ ಅಂದರೆ ಬರೀ ಬೇಸಿಗೇ ಮೀಸಲಾದ ದೊಡ್ಡ ಸ್ಪೀಕರ್. ಹೊರಡುವ ಮೊದಲು ಬ್ಯಾಲೆನ್ಸ್ ತಿರುಗಿಸಿ ನೋಡಿದೆ. ಎಡಗಡೆ ಒಂದೇ ಹಾಡುವಾಗ ದುಂ ದುಂ ಅನ್ನುತ್ತಿತ್ತು. ಎರಡೂ ಸೇರಿದಾಗ ಟಿಕ್ ಟಿಕ್ ಅಷ್ಟೇ. ಬಲಗಡೆಯ ಡೋರ್ ಬಿಚ್ಚಿ ಎರಡು ವೈರ್ ಬದಲಾಯಿಸಿದೆವು. ಜೆ.ಸಿ. ರೋಡಿಗೆ ಆ ದಿನ ಹೋಗಲಿಲ್ಲ.

ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಬೇಸ್ ಬರುತ್ತಿಲ್ಲ ಅಂದ ಕೂಡಲೇ ಹೆಚ್ಚಿನವರು ಏನಾದರೂ ಕೊಳ್ಳಲು ಹೊರಡುತ್ತಾರೆ. ಆದರೆ ಎಷ್ಟೋ ಕಾರುಗಳಲ್ಲಿ ಬೇಸ್ ಹುಟ್ಟುತ್ತಿರುತ್ತದೆ, ಕಿವಿಗೆ ಬರುವ ಮೊದಲೇ ಸತ್ತು ಹೋಗುತ್ತಿರುತ್ತದೆ. ಆ ಸೋರಿಕೆ ನಿಲ್ಲಿಸದೆ ಮೇಲೆ ಎಷ್ಟು ಸುರಿದರೂ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಹಾಗಾಗಿ ಅದು ಎಲ್ಲೆಲ್ಲಿ ಸೋರುತ್ತದೆ ಅನ್ನುವುದನ್ನೇ ಮೊದಲು ನೋಡೋಣ.

ಮುಂದಿನ ಗಾಳಿ, ಹಿಂದಿನ ಗಾಳಿ

ಸ್ಪೀಕರಿನ ಕೋನ್, ಅಂದರೆ ಮುಂದೆ ಹಿಂದೆ ಆಡುವ ಬಟ್ಟಲಿನಾಕಾರದ ಭಾಗ, ಮುಂದೆ ಬಂದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ. ಅದೇ ಗಳಿಗೆಯಲ್ಲಿ ಅದರ ಬೆನ್ನ ಹಿಂದೆ ಗಾಳಿ ತೆಳುವಾಗುತ್ತದೆ. ಒಂದು ಕಡೆ ಒತ್ತು, ಇನ್ನೊಂದು ಕಡೆ ಎಳೆತ. ಇವೆರಡೂ ಒಂದಕ್ಕೊಂದು ಸಿಕ್ಕಿಬಿಟ್ಟರೆ ಸಮನಾಗಿ, ಸದ್ದೇ ಇಲ್ಲದಂತಾಗುತ್ತದೆ. ಸುಮ್ನೆ ಒಂದು ಬರಿ ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡಿಸಿ ನೋಡಿ, ರೇಡಿಯೊ ಥರ ಕೀರಲು ಸದ್ದು ಬರುತ್ತದೆ. ಅದನ್ನೇ ಒಂದು ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಅಂಚು ಬಿಗಿಯಾಗಿ ಕೂರುವಂತೆ ಒತ್ತಿ ಹಿಡಿಯಿರಿ. ಅದೇ ಸ್ಪೀಕರ್, ಅದೇ ಹಾಡು. ಆದರೆ ಬೇಸ್ ಎದ್ದು ಬರುತ್ತದೆ. ಡಬ್ಬ ಮಾಡಿದ್ದು ಇಷ್ಟೇ: ಹಿಂದಿನ ಗಾಳಿ ಮುಂದೆ ಬರದಂತೆ ತಡೆದಿದ್ದು.

ಈ ತೊಂದರೆ ಬೇಸಿಗೇ ಯಾಕೆ? ಅಲೆಯ ಉದ್ದ ನೋಡಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಅಲೆ ಅನ್ನುವ ಲೆಕ್ಕ. 1000 ಹರ್ಟ್ಜ್ ಸದ್ದಿನ ಒಂದು ಅಲೆ 34 ಸೆಂಟಿಮೀಟರ್ ಚಿಲ್ಲರೆ. 50 ಹರ್ಟ್ಜ್ ಅಲೆ ಸುಮಾರು 7 ಮೀಟರ್, ಅಂದರೆ ನಿಮ್ಮ ಇಡೀ ಕಾರಿಗಿಂತ ಉದ್ದ. ಇಷ್ಟು ಉದ್ದದ ಅಲೆಗೆ 16 ಸೆಂಟಿಮೀಟರಿನ ಸ್ಪೀಕರ್ ಒಂದು ಅಡ್ಡಗೋಡೆಯೇ ಅಲ್ಲ. ಸುತ್ತಿ ಬಂದು ಹಿಂದಿನದನ್ನು ಸೇರಿಕೊಳ್ಳುತ್ತದೆ. ಪ್ಲಸ್ ಮೈನಸ್ ತಿರುಗಿದಾಗ ಆಗುವುದೂ ಇದೇ. ಎಡ ಡೋರ್ ಒತ್ತುತ್ತದೆ, ಬಲ ಡೋರ್ ಎಳೆಯುತ್ತದೆ. ಚಿಕ್ಕ ಅಲೆಗಳು ಹೇಗೋ ಉಳಿದುಕೊಳ್ಳುತ್ತವೆ, ಉದ್ದದ ಅಲೆಗಳು ಒಂದನ್ನೊಂದು ನುಂಗಿಹಾಕುತ್ತವೆ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಸದ್ದಿನ ಮಟ್ಟ ಅಷ್ಟೇ ಇರಬೇಕು, ಆದರೆ ಶ್ರುತಿ ಅರ್ಧಕ್ಕೆ ಇಳಿಯಬೇಕು ಅಂದರೆ ಕೋನ್ ನಾಲ್ಕು ಪಟ್ಟು ದೂರ ಆಡಬೇಕು. 100 ಹರ್ಟ್ಜ್‌ನಲ್ಲಿ 1 ಮಿಲಿಮೀಟರ್ ಆಡಿದ ಕೋನ್ 50ರಲ್ಲಿ 4 ಮಿಲಿಮೀಟರ್ ಆಡಬೇಕು. 25ರಲ್ಲಿ 16. ಆರೂವರೆ ಇಂಚಿನ ಡೋರ್ ಸ್ಪೀಕರಿಗೆ ಅಷ್ಟು ದೂರ ಹೋಗುವ ಶಕ್ತಿ ಇಲ್ಲ. ಬೇಸ್ ಅಂದರೆ ಕೊನೆಗೆ ಎಷ್ಟು ಗಾಳಿ ಅಲ್ಲಾಡಿಸುತ್ತೀರಿ ಅನ್ನುವ ಲೆಕ್ಕ. ಡೊಳ್ಳು ಅಷ್ಟು ದೊಡ್ಡದಿರುವುದು ಸುಮ್ಮನೆ ಅಲ್ಲ.

ಡೋರ್ ಅನ್ನೋ ತೂತು ಡಬ್ಬ

ಕಾರಿನ ಡೋರ್ ಪ್ಯಾಡ್ ಬಿಚ್ಚಿದವರು ಕಡಿಮೆ. ಒಮ್ಮೆ ನೋಡಲೇಬೇಕು. ಹಿಡಿಕೆಯ ಹಿಂದೆ ಒಂದೆರಡು ಸ್ಕ್ರೂ, ಅಂಚಿನ ಸುತ್ತ ಪ್ಲಾಸ್ಟಿಕ್ ಕ್ಲಿಪ್ಪುಗಳು. ಪ್ಯಾಡ್ ಎಳೆದಾಗ ಪಟ್ ಪಟ್ ಅಂತ ಬಿಡುತ್ತವೆ. ಒಳಗೆ ಮೊದಲು ಕಾಣುವುದು ಒಂದು ತೆಳು ಪ್ಲಾಸ್ಟಿಕ್ ಹಾಳೆ, ಕರಿ ಅಂಟಿನಲ್ಲಿ ಅಂಟಿಸಿರುತ್ತಾರೆ. ಅದನ್ನು ಸರಿಸಿದರೆ ತಗಡು. ಆ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ದೊಡ್ಡ ತೂತುಗಳು. ಗಾಜಿನ ಮೋಟಾರು, ಬೀಗದ ಕಡ್ಡಿ ಕೂರಿಸಲು ಬಿಟ್ಟಿದ್ದು. ಆ ತೂತುಗಳ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ ಸ್ಪೀಕರ್.

ಅಂದರೆ ಏನಾಯಿತು? ಸ್ಪೀಕರಿನ ಹಿಂದಿನ ಗಾಳಿ ಡೋರ್ ಒಳಗೆ ಹೋಗಿ, ಪಕ್ಕದ ತೂತಿನಿಂದ ಹೊರಗೆ ಬಂದು, ಮುಂದಿನ ಗಾಳಿಯನ್ನು ಸೇರುತ್ತಿದೆ. ತಡೆಯಲು ಇರುವುದು ತರಕಾರಿ ಚೀಲದಷ್ಟು ತೆಳುವಾದ ಹಾಳೆ. ಆ ಹಾಳೆ ಇರುವುದು ಮಳೆನೀರು ಪ್ಯಾಡಿಗೆ ಬರದಿರಲಿ ಅಂತ. ಬೇಸ್ ತಡೆಯುವುದು ಅದರ ಕೆಲಸವಲ್ಲ.

ಈ ತೂತುಗಳನ್ನು ಮುಚ್ಚುವುದೇ ಕಾರಿನ ಬೇಸಿಗೆ ಮಾಡಬಹುದಾದ ಅತ್ಯುತ್ತಮ ಕೆಲಸ ಅಂತ ನಾನು ನಂಬಿದ್ದೇನೆ. ಸಬ್‌ವೂಫರಿಗಿಂತ ಮೊದಲು, ಆಂಪಿಗಿಂತ (ಸದ್ದಿಗೆ ಬಲ ಕೊಡುವ ಆಂಪ್ಲಿಫೈಯರ್) ಮೊದಲು. ಇದಕ್ಕೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಸಿಗುತ್ತದೆ. ಸುಮಾರು 2 ಮಿಲಿಮೀಟರ್ ದಪ್ಪದ ಕರಿ ರಬ್ಬರಿನಂಥ ಅಂಟು, ಮೇಲೆ ಅಲ್ಯೂಮಿನಿಯಂ ಹಾಳೆ. ಅಗ್ಗದ ಡಾಂಬರು ಶೀಟುಗಳೂ ಇವೆ. ಅವು ಬೇಡ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮೆತ್ತಗಾಗಿ ಜಾರುತ್ತವೆ, ಕಾರೆಲ್ಲ ಟಾರು ವಾಸನೆ.

ಮೊದಲು ಹೊರಗಿನ ತಗಡಿನ ಒಳಮೈಗೆ, ಸ್ಪೀಕರಿನ ನೇರ ಹಿಂದೆ ಒಂದು ದೊಡ್ಡ ತುಂಡು ಅಂಟಿಸಿ. ಅಂಟಿಸುವ ಮೊದಲು ತಗಡನ್ನು ಬೆರಳಿನಿಂದ ತಟ್ಟಿ ನೋಡಿ, ಟಣ್ ಅನ್ನುತ್ತದೆ. ಧೂಳು, ಎಣ್ಣೆ ಒರೆಸಿ, ಶೀಟ್ ಅಂಟಿಸಿ, ರೋಲರಿನಿಂದ ಗಟ್ಟಿಯಾಗಿ ಉಜ್ಜಿದ ಮೇಲೆ ಮತ್ತೆ ತಟ್ಟಿ. ಟಪ್ ಅನ್ನುತ್ತದೆ. ಮೃದಂಗದ ಎಡಮೈಗೆ ರವೆ ಮೆತ್ತಿದ ಹಾಗೇ ಇದು. ತೂಕ ಸೇರಿದಾಗ ಗುಯ್‌ಗುಡುವುದು ನಿಂತು, ಗಟ್ಟಿ ತಳ ಸಿಗುತ್ತದೆ. ಇಡೀ ತಗಡು ಮುಚ್ಚಬೇಕಿಲ್ಲ. ಕಾಲು ಭಾಗದಿಂದ ಅರ್ಧ ಭಾಗ ಮುಚ್ಚಿದರೂ ಅದುರುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಆಮೇಲೆ ಒಳತಗಡಿನ ತೂತುಗಳು. ಚಿಕ್ಕವಕ್ಕೆ ಶೀಟ್ ಸಾಕು. ದೊಡ್ಡ ತೂತಿಗೆ ಬರೀ ಶೀಟ್ ಹಾಕಿದರೆ ಅದು ಡೋಲಿನ ಚರ್ಮದಂತೆ ಒಳಗೆ ಹೊರಗೆ ಆಡುತ್ತದೆ. ಅಲ್ಲಿ ತೆಳು ಅಲ್ಯೂಮಿನಿಯಂ ತಗಡನ್ನೋ ಗಟ್ಟಿ ಪ್ಲಾಸ್ಟಿಕ್ಕನ್ನೋ ಕತ್ತರಿಸಿ ಇಟ್ಟು, ಮೇಲೆ ಶೀಟ್ ಹಾಕಬೇಕು. ಸ್ಪೀಕರ್ ಕೂರುವ ಜಾಗದಲ್ಲಿ ಬಳುಕುವ ಪ್ಲಾಸ್ಟಿಕ್ ರಿಂಗ್ ಇದ್ದರೆ ತೆಗೆದು, ನೀರು ಹೀರದ ಗಟ್ಟಿ ರಿಂಗ್ ಹಾಕಿ. ರಿಂಗ್ ಮತ್ತು ತಗಡಿನ ನಡುವೆ ಫೋಮ್ ಪಟ್ಟಿ. ಸ್ಪೀಕರ್ ಮತ್ತು ಡೋರ್ ಪ್ಯಾಡಿನ ನಡುವೆಯೂ ಇನ್ನೊಂದು ಫೋಮ್ ಬಳೆ. ಇಲ್ಲದಿದ್ದರೆ ಅರ್ಧ ಸದ್ದು ಪ್ಯಾಡಿನ ಹಿಂದೆಯೇ ಉಳಿಯುತ್ತದೆ.

ಮೂರು ಎಚ್ಚರ ಬೇಕು. ಡೋರಿನ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ, ಅವನ್ನು ಮುಚ್ಚಲೇಬಾರದು. ಗಾಜಿನ ಪಕ್ಕದಿಂದ ಇಳಿಯುವ ಮಳೆನೀರು ಅಲ್ಲಿಂದಲೇ ಹೋಗಬೇಕು. ಮಲೆನಾಡು, ಕರಾವಳಿಯ ಕಡೆಯವರಿಗಂತೂ ಇದು ಗೊತ್ತಿರಲೇಬೇಕು. ಆ ತೂತು ಕಟ್ಟಿದರೆ ಒಂದೆರಡು ಮಳೆಗಾಲದಲ್ಲೇ ಡೋರ್ ತುಕ್ಕು ಹಿಡಿಯುತ್ತದೆ. ಎರಡನೆಯದು, ಬೀಗದ ಕಡ್ಡಿ ಮತ್ತು ಗಾಜಿನ ದಾರಿಗೆ ಶೀಟ್ ತಾಗಬಾರದು. ಮೂರನೆಯದು ಬಹಳ ಮುಖ್ಯ. ಕೆಲವು ಕಾರುಗಳಲ್ಲಿ ಪಕ್ಕದಿಂದ ಗುದ್ದಿದಾಗ ಡೋರ್ ಒಳಗಿನ ಗಾಳಿಯ ಒತ್ತಡ ಏರುವುದನ್ನು ನೋಡಿ ಏರ್‌ಬ್ಯಾಗ್ ಬಿಚ್ಚುವ ಸೆನ್ಸರ್ ಇರುತ್ತದೆ. ನಿಮ್ಮ ಕಾರಿನಲ್ಲಿ ಅಂಥದ್ದು ಇದೆಯಾ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಂಡೇ ಡೋರಿಗೆ ಕೈ ಹಾಕಿ. ಇದ್ದರೆ ಆ ಡೋರಿನ ತೂತುಗಳನ್ನು ಮುಟ್ಟಬೇಡಿ.

ಡೋರ್ ಬಿಚ್ಚಿದಾಗಲೇ ಪ್ಲಸ್ ಮೈನಸ್ ಕೂಡ ನೋಡಿಬಿಡಿ. ಸ್ಪೀಕರಿನ ವೈರ್ ಕಳಚಿ, ಒಂದು ಪೆನ್ಸಿಲ್ ಸೆಲ್ ತಗೊಂಡು, ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ, ಮೈನಸ್ ಮೈನಸ್‌ಗೆ ಒಂದು ಗಳಿಗೆ ತಾಗಿಸಿ. ಕೋನ್ ಹೊರಗೆ ಬರಬೇಕು. ಒಳಗೆ ಹೋದರೆ ಗುರುತು ತಪ್ಪಿದೆ ಅಂತ ಅರ್ಥ.

ನಾಬ್ ತಿರುಗಿಸಿದರೆ ಯಾಕೆ ಸಾಲದು

ಸ್ಟೀರಿಯೊ ಡಬ್ಬದ ಮೇಲೆ "50 ವ್ಯಾಟ್ x 4" ಅಂತ ಬರೆದಿರುತ್ತದೆ. ಇದನ್ನು ಒಂದು ಸಲ ಲೆಕ್ಕ ಹಾಕಿ ನೋಡೋಣ. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು ಸುಮಾರು 14.4 ವೋಲ್ಟ್. ಸ್ಟೀರಿಯೊ ಒಳಗಿನ ಆಂಪ್ ಸ್ಪೀಕರಿಗೆ ಶುದ್ಧವಾಗಿ ಕೊಡಬಹುದಾದ ಅಲೆಯ ತುದಿ ಅಷ್ಟೇ. ಅದರ ಆರ್‌ಎಂಎಸ್, ಅಂದರೆ ಅಲೆ ನಿಜವಾಗಿ ದುಡಿಯುವ ಸರಾಸರಿ ಮಟ್ಟ, 14.4 ಭಾಗಿಸು 1.414, ಸುಮಾರು 10.2 ವೋಲ್ಟ್. ಇದರ ವರ್ಗವನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 26 ವ್ಯಾಟ್. ಒಳಗಿನ ನಷ್ಟ ಕಳೆದರೆ ಒಂದು ಸ್ಪೀಕರಿಗೆ 20ರ ಆಸುಪಾಸು. ಕಾರಿನ ಕರೆಂಟಿನಿಂದ ನೇರವಾಗಿ ಅದಕ್ಕಿಂತ ಜಾಸ್ತಿ ಶುದ್ಧ ಸದ್ದು ಹಿಂಡಲು ಆಗುವುದಿಲ್ಲ. ದೊಡ್ಡ ಆಂಪುಗಳು ತಮ್ಮೊಳಗೇ ವೋಲ್ಟೇಜ್ ಏರಿಸಿಕೊಳ್ಳುತ್ತವೆ, ಅದಕ್ಕೇ ಅವು ಬೇರೆ.

ಈಗ ಬೇಸ್ ನಾಬ್ +6ಕ್ಕೆ ಏರಿಸಿದಿರಿ ಅಂತಿಟ್ಟುಕೊಳ್ಳಿ. 3 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಏರಿದರೆ ಎರಡು ಪಟ್ಟು ವ್ಯಾಟ್ ಬೇಕು. 6 ಡೆಸಿಬೆಲ್‌ಗೆ ನಾಲ್ಕು ಪಟ್ಟು. ಮೊದಲು 10 ವ್ಯಾಟ್ ಬೇಡುತ್ತಿದ್ದ ಹಾಡು ಈಗ 40 ಬೇಡುತ್ತದೆ. ಇರುವುದು 20. ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಬೇಸ್ ಬರುವ ಬದಲು ಗರ್ ಗರ್ ಅನ್ನುತ್ತದೆ. ಜೊತೆಗೆ ಫೋನಿನ ಆ್ಯಪ್‌ನಲ್ಲಿ ಬೇಸ್ ಬೂಸ್ಟ್, ಸ್ಟೀರಿಯೊದಲ್ಲಿ ಇನ್ನೊಂದು, ಆಂಪಿದ್ದರೆ ಅದರಲ್ಲಿ ಮತ್ತೊಂದು. ಮೂರು ಕಡೆ ಉಪ್ಪು ಹಾಕಿದ ಸಾರಿನಂತೆ. ಎಲ್ಲವನ್ನೂ ಸೊನ್ನೆಗೆ ತಂದು ಅಲ್ಲಿಂದ ಶುರುಮಾಡಿ.

ಸದ್ದು ಮೆಲ್ಲಗಿಟ್ಟಾಗ ಬೇಸ್ ಇನ್ನೂ ಕಡಿಮೆ ಅನ್ನಿಸುತ್ತದಲ್ಲ, ಅದು ಸ್ಟೀರಿಯೊದ ತಪ್ಪಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳುವುದಿಲ್ಲ. ಈಗಿನ ಅಳತೆಯ ಪ್ರಕಾರ, 1000 ಹರ್ಟ್ಜ್‌ನಲ್ಲಿ 40 ಡೆಸಿಬೆಲ್ ಇರುವ ಸದ್ದಿನಷ್ಟೇ 50 ಹರ್ಟ್ಜ್ ಕೂಡ ಕೇಳಬೇಕಾದರೆ ಅದು 75 ಡೆಸಿಬೆಲ್‌ಗೂ ಮೇಲಿರಬೇಕು. ಸ್ಟೀರಿಯೊದಲ್ಲಿ ಲೌಡ್‌ನೆಸ್ ಅನ್ನುವ ಬಟನ್ ಇರುವುದು ಇದಕ್ಕೆ. ಮೆಲ್ಲಗೆ ಕೇಳುವಾಗ ಆನ್ ಮಾಡಿ, ಜೋರು ಮಾಡಿದಾಗ ಆಫ್ ಮಾಡಿ.

ಸಬ್‌ವೂಫರ್ ಬೇಕೇ ಬೇಕು ಅನ್ನುವವರಿಗೆ

ಡೋರ್ ಸರಿಮಾಡಿದ ಮೇಲೂ 60 ಹರ್ಟ್ಜ್‌ಗಿಂತ ಕೆಳಗಿನದು ಬೇಕು ಅಂದರೆ ಸಬ್‌ವೂಫರ್ ಬೇಕು. ಬೇಸ್ ಗಿಟಾರಿನ ದಪ್ಪ ತಂತಿ ಮೀಟಿದರೆ 41 ಹರ್ಟ್ಜ್. ಅದನ್ನು ಡೋರ್ ಸ್ಪೀಕರಿನಿಂದ ನಿರೀಕ್ಷಿಸುವುದು ತಪ್ಪು. ಆರೂವರೆ ಇಂಚಿನ ಕೋನ್ ಸುಮಾರು 130 ಚದರ ಸೆಂಟಿಮೀಟರ್, 12 ಇಂಚಿನದು 480ರ ಹತ್ತಿರ. ಅಷ್ಟೇ ಅಲ್ಲ, ಅದು ಎಷ್ಟೋ ಪಟ್ಟು ದೂರ ಆಡುತ್ತದೆ.

ಆದರೆ ಅಂಗಡಿಯಲ್ಲಿ ಎಲ್ಲರೂ ವೂಫರಿನ ಇಂಚು, ವ್ಯಾಟ್ ಕೇಳುತ್ತಾರೆ. ಡಬ್ಬದ ಬಗ್ಗೆ ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಡಬ್ಬವೇ ಅರ್ಧ ವಾದ್ಯ. ತಂಬೂರಿಯ ತಂತಿ ಬದಲಾಯಿಸಬಹುದು, ಬುರುಡೆ ಸರಿಯಿಲ್ಲದಿದ್ದರೆ ನಾದ ಎಲ್ಲಿಂದ ಬರಬೇಕು?

ಮುಚ್ಚಿದ ಡಬ್ಬದಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನ ಹಾಗೆ ಕೋನನ್ನು ಹಿಡಿದಿರುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಇದನ್ನೇ ನೆಚ್ಚಿ ಚಿಕ್ಕ ಡಬ್ಬದಿಂದ ಆಳದ ಬೇಸ್ ತೆಗೆದು ತೋರಿಸಿದರು. ಅದಕ್ಕೆ ಮೊದಲು ಒಳ್ಳೆಯ ಬೇಸ್ ಅಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 10 ಇಂಚಿನ ವೂಫರಿಗೆ ಮುಚ್ಚಿದ ಡಬ್ಬವಾದರೆ ಸಾಮಾನ್ಯವಾಗಿ 20-25 ಲೀಟರ್ ಸಾಕು. ಬಡಿತ ಬಿಗಿಯಾಗಿರುತ್ತದೆ, ಬಡಿದು ಅಲ್ಲೇ ನಿಲ್ಲುತ್ತದೆ.

ಪೋರ್ಟ್, ಅಂದರೆ ಗಾಳಿ ಹೊರಬರುವ ಕೊಳವೆ, ಇರುವ ಡಬ್ಬ ಬೇರೆ ಜಾತಿ. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಹೂಂ ಅನ್ನುತ್ತದಲ್ಲ, ಅದೇ ತತ್ವ. ಸೀಸೆಯ ಕುತ್ತಿಗೆ ಎಷ್ಟು ಉದ್ದ, ಹೊಟ್ಟೆ ಎಷ್ಟು ದೊಡ್ಡದು ಅನ್ನುವುದರ ಮೇಲೆ ಅದರ ಶ್ರುತಿ. ಡಬ್ಬದ ಕೊಳವೆಯನ್ನು 35 ಹರ್ಟ್ಜ್‌ಗೆ ಶ್ರುತಿ ಮಾಡಿದರೆ, ಅಲ್ಲಿ ಹಿಂದಿನ ಗಾಳಿಯೂ ಮುಂದಿನದರ ಜೊತೆ ಸೇರಿ ಹಾಡುತ್ತದೆ. ಅದೇ ವ್ಯಾಟಿಗೆ ಜಾಸ್ತಿ ಸದ್ದು. ಆದರೆ ಆ ಶ್ರುತಿಗಿಂತ ಕೆಳಗೆ ಕೋನಿಗೆ ಹಿಡಿತವೇ ಇರುವುದಿಲ್ಲ, ಹುಚ್ಚು ಹಿಡಿದಂತೆ ಆಡಿ ಹರಿದುಹೋಗಬಹುದು. ಅದಕ್ಕೇ ಆಂಪಿನಲ್ಲಿ ತೀರಾ ಕೆಳಗಿನ ಸದ್ದನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರುತ್ತದೆ, ಅದನ್ನು ಡಬ್ಬದ ಶ್ರುತಿಗಿಂತ ಸ್ವಲ್ಪ ಕೆಳಗಿಡಬೇಕು. 12 ಇಂಚಿನ ವೂಫರಿಗೆ 45ರಿಂದ 60 ಲೀಟರ್ ಜಾಗ ಬೇಕಾಗುತ್ತದೆ. ಊರಿಗೆ ಹೋಗುವಾಗ ಅಕ್ಕಿ ಚೀಲ, ತೆಂಗಿನಕಾಯಿ ತರುವವರು ಇದನ್ನೂ ಯೋಚಿಸಬೇಕು.

ಯಾವ ವೂಫರಿಗೆ ಎಷ್ಟು ಲೀಟರ್ ಅನ್ನುವುದು ಕಣ್ಣಂದಾಜಿನ ಮಾತಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಇದಕ್ಕೆ ಗಣಿತ ಕೊಟ್ಟರು. ವೂಫರಿನ ಕಾಗದದಲ್ಲಿ ಇರುವ ಥೀಲ್-ಸ್ಮಾಲ್ ಅಂಕಿಗಳು ಇವರದೇ. ಅವನ್ನು ಹಾಕಿದರೆ ಡಬ್ಬದ ಅಳತೆ ಲೆಕ್ಕ ಹಾಕಿ ಕೊಡುವ ಉಚಿತ ಸಾಫ್ಟ್‌ವೇರ್ ಇವೆ. ಬಡಗಿಗೆ 18 ಮಿಲಿಮೀಟರ್ ಎಂಡಿಎಫ್ ಹಲಗೆ ಕೊಟ್ಟು, ಒಳಗಿನ ಎಲ್ಲ ಸಂದಿಗೂ ಸಿಲಿಕೋನ್ ಎಳೆಸಿ.

ಹ್ಯಾಚ್‌ಬ್ಯಾಕ್ ಇರುವವರಿಗೆ ನಾನು ಮುಚ್ಚಿದ ಡಬ್ಬವನ್ನೇ ಹೇಳುತ್ತೇನೆ. ಕಾರಣ ಕಾರೇ. ಅಲೆ ಕಾರಿಗಿಂತ ತುಂಬಾ ಉದ್ದವಾದಾಗ ಅದು ಅಲೆಯಾಗಿ ಓಡಾಡುವುದಿಲ್ಲ. ಇಡೀ ಕ್ಯಾಬಿನ್ನಿನ ಗಾಳಿಯನ್ನು ಒಟ್ಟಿಗೆ ಒತ್ತಿ ಬಿಡುತ್ತದೆ, ಸೈಕಲ್ ಪಂಪಿನ ಹಾಗೆ. ಸಣ್ಣ ಕಾರಿನಲ್ಲಿ 60-70 ಹರ್ಟ್ಜ್‌ಗಿಂತ ಕೆಳಗೆ ಹೋದಷ್ಟೂ ಬೇಸಿಗೆ ಹೀಗೆ ಬಿಟ್ಟಿ ಬಲ ಸಿಗುತ್ತದೆ. ಮುಚ್ಚಿದ ಡಬ್ಬದ ಸದ್ದು ಕೆಳಗೆ ಇಳಿಯುತ್ತಾ ಹೋಗುತ್ತದೆ, ಕಾರು ಅದನ್ನು ಮೇಲೆತ್ತುತ್ತಾ ಹೋಗುತ್ತದೆ. ಎರಡೂ ಸೇರಿ ಹತ್ತಿರ ಹತ್ತಿರ ಸಮ. ನಂಬಿಕೆ ಬರಬೇಕಾದರೆ 40 ಹರ್ಟ್ಜ್ ಟೋನ್, ಅಂದರೆ ಒಂದೇ ಶ್ರುತಿಯ ಸದ್ದು, ಹಾಕಿ ಒಂದು ಗಾಜನ್ನು ನಾಲ್ಕು ಬೆರಳು ಇಳಿಸಿ ನೋಡಿ. ಬೇಸ್ ಹೊರಗೆ ಹೋಗುವುದು ಎದೆಗೇ ಗೊತ್ತಾಗುತ್ತದೆ.

ಸೆಡಾನಿನಲ್ಲಿ ತೊಂದರೆ ಬೇರೆ. ಡಿಕ್ಕಿ ಬೇರೆ ಕೋಣೆ, ಕ್ಯಾಬಿನ್ ಬೇರೆ. ಹಿಂದಿನ ಸೀಟಿನ ನಡುವಿನ ಬಾಗಿಲನ್ನೋ, ಮಡಚುವ ಸೀಟಿನ ಒಂದು ಭಾಗವನ್ನೋ ತೆರೆದಿಟ್ಟರೆ ಬಹಳ ವ್ಯತ್ಯಾಸ. ಜಾಗವೇ ಇಲ್ಲ ಅನ್ನುವವರಿಗೆ ಸೀಟಿನಡಿ ಕೂರುವ ಆಂಪ್ ಸಮೇತದ 8 ಇಂಚಿನ ಸಬ್ ಇದೆ. ಎದೆ ನಡುಗಿಸುವುದಿಲ್ಲ, ಆದರೆ ಮೃದಂಗದ ಎಡಮೈಯ ತೊಪ್ಪಿ ತೊಪ್ಪಿಯಾಗಿ ಕೇಳುತ್ತದೆ. ಬಹಳ ಜನರಿಗೆ ಅಷ್ಟು ಸಾಕು.

ಕೆಲಸ ಹಂಚಿ, ಗೇನ್ ಅಳೆದು ಇಡಿ

ಸಬ್ ಬಂದ ಮೇಲೆ ಡೋರ್ ಸ್ಪೀಕರಿಗೆ ಕೆಳಗಿನ ಕೆಲಸ ಬೇಡ. ಸ್ಟೀರಿಯೊದಲ್ಲಿ ಎಚ್‌ಪಿಎಫ್ (ಹೈ ಪಾಸ್ ಫಿಲ್ಟರ್, ಮೇಲಿನ ಸದ್ದನ್ನು ಮಾತ್ರ ಬಿಡುವುದು) ಅಂತ ಇರುತ್ತದೆ, ಅದನ್ನು 80 ಹರ್ಟ್ಜ್‌ಗೆ ಇಡಿ. 80ರ ಕೆಳಗಿನದು ಡೋರಿಗೆ ಹೋಗುವುದು ಕಡಿಮೆಯಾಗುತ್ತದೆ. ಸಬ್‌ವೂಫರಿಗೆ ಎಲ್‌ಪಿಎಫ್ (ಲೋ ಪಾಸ್ ಫಿಲ್ಟರ್, ಕೆಳಗಿನದನ್ನು ಮಾತ್ರ ಬಿಡುವುದು), ಅದೂ 80. ಬೇಸ್ ಹೆಚ್ಚಿಸಲು ಹೊರಟು ಡೋರಿನ ಬೇಸ್ ಕತ್ತರಿಸುವುದು ವಿಚಿತ್ರ ಅನ್ನಿಸಬಹುದು. ಆದರೆ ಕೋನಿನ ಓಡಾಟ ಕಡಿಮೆಯಾದ ಕೂಡಲೇ ಡೋರ್ ಸ್ಪೀಕರ್ ಹಗುರಾಗಿ, ಹಾಡುವವರ ಗಂಟಲು ಸ್ಪಷ್ಟವಾಗಿ, ಇನ್ನೂ ಜೋರು ಮಾಡಲು ಜಾಗ ಸಿಗುತ್ತದೆ.

ಆಂಪಿನ ಮೇಲಿನ ಗೇನ್ ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡುವ ಸಣ್ಣ ವೋಲ್ಟೇಜಿಗೂ ಆಂಪಿನ ತಾಕತ್ತಿಗೂ ಹೊಂದಾಣಿಕೆ ಮಾಡುವ ತಿರುಪು ಅದು. ಪೂರ್ತಿ ತಿರುಗಿಸಿದರೆ ಆಂಪ್ ದೊಡ್ಡದಾಗುವುದಿಲ್ಲ, ಬೇಗ ಕ್ಲಿಪ್ ಆಗುತ್ತದೆ ಅಷ್ಟೇ. ಎಷ್ಟೋ ವೂಫರುಗಳ ಕಾಯಿಲ್ ಸುಡುವುದು ಹೀಗೇ. ಒಂದು ಮಲ್ಟಿಮೀಟರ್ ಇದ್ದರೆ ಸರಿಯಾಗಿ ಇಡಬಹುದು. ಆಂಪ್ 4 ಓಮ್‌ಗೆ 300 ವ್ಯಾಟ್ ಆರ್‌ಎಂಎಸ್ ಕೊಡುತ್ತದೆ ಅನ್ನಿ. 300ನ್ನು 4ರಿಂದ ಗುಣಿಸಿ, 1200ರ ವರ್ಗಮೂಲ ತೆಗೆಯಿರಿ: 34.6. ವೂಫರಿನ ವೈರ್ ಕಳಚಿ, ಬೂಸ್ಟ್ ಎಲ್ಲ ಆಫ್ ಮಾಡಿ, 50 ಹರ್ಟ್ಜ್‌ನ 0 ಡೆಸಿಬೆಲ್ (ರೆಕಾರ್ಡಿಂಗಿನಲ್ಲಿ ಇದು ಗರಿಷ್ಠ ಮಟ್ಟ) ಟೋನ್ ಹಾಕಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ತನ್ನಿ. ಮೀಟರನ್ನು ಎಸಿ ವೋಲ್ಟಿಗಿಟ್ಟು ಆಂಪಿನ ಔಟ್‌ಪುಟ್‌ಗೆ ಹಿಡಿದು, 34 ತೋರಿಸುವವರೆಗೆ ಗೇನ್ ನಿಧಾನ ಏರಿಸಿ. ಅಲ್ಲಿಗೆ ಬಿಡಿ. ವೂಫರ್ ತಡೆಯುವ ಆರ್‌ಎಂಎಸ್ ಇದಕ್ಕಿಂತ ಕಡಿಮೆ ಇದ್ದರೆ ಆ ಅಂಕಿಯಿಂದ ಲೆಕ್ಕ ಹಾಕಿ.

ವೈರಿನ ವಿಷಯದಲ್ಲಿ ಉಳಿತಾಯ ಬೇಡ, ಇಲ್ಲಿ ಬೆಂಕಿಯ ಭಯ ಇದೆ. 300 ವ್ಯಾಟಿನ ಕ್ಲಾಸ್ ಡಿ (ಕರೆಂಟ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ಪೂರ್ತಿ ದುಡಿಯುವಾಗ ಸುಮಾರು 27 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ಅಂತಿಟ್ಟುಕೊಳ್ಳಿ. 8 ಗೇಜ್‌ನ ದಪ್ಪ ತಾಮ್ರದ ವೈರಿನಲ್ಲಿ ದಾರಿಯಲ್ಲಿ ಕಳೆಯುವುದು 0.3 ವೋಲ್ಟ್‌ನಷ್ಟು. ಮನೆಯ ಪ್ಲಗ್ಗಿಗೆ ಎಳೆಯುವ 2.5 ಚದರ ಮಿಲಿಮೀಟರ್ ವೈರ್ ಹಾಕಿದರೆ ಒಂದು ವೋಲ್ಟ್ ಹತ್ತಿರ ದಾರಿಯಲ್ಲೇ ಹೋಗುತ್ತದೆ, ವೈರ್ ಬಿಸಿಯಾಗುತ್ತದೆ. ಅಗ್ಗದ ಕಿಟ್ಟುಗಳಲ್ಲಿ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ಇರುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಬೇಡ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಅದು ಕಾಯುವುದು ಆಂಪನ್ನಲ್ಲ, ವೈರನ್ನು. ವೈರಿನ ಸಿಪ್ಪೆ ಎಲ್ಲೋ ತಗಡಿಗೆ ಉಜ್ಜಿ ಹರಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಫ್ಯೂಸ್ ಆಂಪಿನ ಹತ್ತಿರ ಇದ್ದರೆ ಆಗ ಏನೂ ಮಾಡಲಾರದು. ಅರ್ತ್ ವೈರ್ ಗಿಡ್ಡದಾಗಿರಲಿ, ಬಣ್ಣ ಕೆರೆದು ಬರಿ ತಗಡಿಗೆ ಬೋಲ್ಟ್ ಮಾಡಿ.

ಓಡುವ ಕಾರು, ಅದುರುವ ಕಾರು

ಎಲ್ಲ ಆದ ಮೇಲೆ ಸಬ್‌ವೂಫರಿನ ಫೇಸ್ ಸ್ವಿಚ್ (ಕೋನಿನ ಒತ್ತು, ಎಳೆತ ಅದಲುಬದಲು ಮಾಡುವುದು) 0ಯಿಂದ 180ಕ್ಕೆ ಹಾಕಿ ನೋಡಿ. ಡ್ರೈವರ್ ಸೀಟಿನಲ್ಲಿ ಕೂತು ಕೇಳಬೇಕು, ಡಿಕ್ಕಿ ತೆರೆದು ಅಲ್ಲ. 80 ಹರ್ಟ್ಜ್ ಹತ್ತಿರದ ಬಡಿತ ಯಾವುದರಲ್ಲಿ ತುಂಬಿ ಬರುತ್ತದೋ ಅದೇ ಸರಿ. ಡಬ್ಬದ ಮುಖವನ್ನು ಡಿಕ್ಕಿ ಬಾಗಿಲ ಕಡೆ, ಪಕ್ಕಕ್ಕೆ, ಮೇಲಕ್ಕೆ ತಿರುಗಿಸಿ ನೋಡಿ. ಹ್ಯಾಚ್‌ಬ್ಯಾಕಿನಲ್ಲಿ ಹೆಚ್ಚಾಗಿ ಹಿಂದಕ್ಕೆ ಮುಖ ಮಾಡಿದಾಗ ಚೆನ್ನ. ಈಕ್ವಲೈಜರ್‌ನಲ್ಲಿ (ಒಂದೊಂದು ಶ್ರುತಿಯನ್ನೂ ಏರಿಸಿ ಇಳಿಸುವ ಸೆಟ್ಟಿಂಗ್) ಎದ್ದು ಗುಂಯ್‌ಗುಡುವ ಜಾಗವನ್ನು ತಗ್ಗಿಸಿ. ಅಲೆಗಳು ಒಂದನ್ನೊಂದು ನುಂಗಿದ ಗುಂಡಿಯನ್ನು ತುಂಬಲು ಹೋಗಬೇಡಿ, ಎಷ್ಟು ವ್ಯಾಟ್ ಸುರಿದರೂ ಅದು ತುಂಬುವುದಿಲ್ಲ.

ನಿಂತ ಕಾರಿನಲ್ಲಿ ಚೆನ್ನಾಗಿದ್ದ ಬೇಸ್ ಹೆದ್ದಾರಿಯಲ್ಲಿ ಕಾಣೆಯಾಗುವುದು ನಿಮಗೂ ಅನುಭವ ಇರಬಹುದು. ಟೈರ್ ಮತ್ತು ಎಂಜಿನ್ ಸದ್ದಿನ ಹೆಚ್ಚಿನ ಭಾಗ ಬೇಸಿನ ಜಾಗದಲ್ಲೇ ಇರುತ್ತದೆ, ಹಾಡಿನ ಬೇಸನ್ನು ಅದು ಮುಚ್ಚಿಹಾಕುತ್ತದೆ. ಅದಕ್ಕೇ ಸ್ಟೀರಿಯೊದಲ್ಲಿ ಎರಡು ಸೆಟ್ಟಿಂಗ್ ಉಳಿಸಿಕೊಳ್ಳಿ. ಓಡುವಾಗಿನದರಲ್ಲಿ ಸಬ್ 3-4 ಡೆಸಿಬೆಲ್ ಜಾಸ್ತಿ. ಬೀದಿಗೆ ಬಂದಾಗ ಮತ್ತೆ ಇಳಿಸಿ. ಉದ್ದದ ಅಲೆ ಗೋಡೆಗಳನ್ನೂ ದಾಟುತ್ತದೆ, ಪಕ್ಕದ ಮನೆಯವರಿಗೆ ಹಾಡು ಕೇಳದಿದ್ದರೂ ದುಂ ದುಂ ಕೇಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್.

ಕೊನೆಯ ಕೆಲಸ ಅದುರುವುದನ್ನು ಹುಡುಕುವುದು. ಗಟ್ಟಿ ಬೇಸ್ ಬಂದ ದಿನವೇ ಕಾರಿನ ಎಲ್ಲ ಸಡಿಲ ಸಾಮಾನೂ ಮಾತಾಡಲು ಶುರುಮಾಡುತ್ತವೆ. 30ರಿಂದ 100 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ, ಒಬ್ಬರು ಒಳಗೆ, ಒಬ್ಬರು ಹೊರಗೆ ಇದ್ದು ಒಂದೊಂದನ್ನೇ ಅಂಗೈಯಿಂದ ಒತ್ತಿ ನೋಡಬೇಕು. ಒತ್ತಿದಾಗ ನಿಂತರೆ ಅಲ್ಲೇ ಕಳ್ಳ. ನಂಬರ್ ಪ್ಲೇಟಿನ ಹಿಂದೆ ಫೋಮ್, ಹಿಂದಿನ ಟ್ರೇ ಅಂಚಿಗೆ ಫೆಲ್ಟ್ ಪಟ್ಟಿ. ಭಾವನ ಕಾರಿನಲ್ಲಿ ಹೋದ ವರ್ಷ ಮುಚ್ಚಿದ ಡಬ್ಬದ 10 ಇಂಚು ಕೂರಿಸಿದಾಗ 46 ಹರ್ಟ್ಜ್ ಹತ್ತಿರ ಮಾತ್ರ ಒಂದು ಕಟಕಟ ಉಳಿದಿತ್ತು. ಒಂದು ಇಡೀ ಭಾನುವಾರ ಹುಡುಕಿದೆವು. ಡೋರ್ ಅಲ್ಲ, ಟ್ರೇ ಅಲ್ಲ, ಸೀಟ್ ಬೆಲ್ಟಿನ ಬಕಲ್ ಅಲ್ಲ. "ಸಾಕು ಬಿಡೋ, ಊಟ ಆರ್ತಾ ಇದೆ" ಅಂತ ಅಕ್ಕ ಎರಡು ಸಲ ಕರೆದರು. ಕೊನೆಗೆ ಸ್ಟೆಪ್ನಿ ಎತ್ತಿ ನೋಡಿದರೆ ಅದರ ಕೆಳಗೆ ಜಾಕಿಯ ಹಿಡಿಕೆ. ಹಳೇ ಟವೆಲ್ ಸುತ್ತಿ ಮತ್ತೆ ಅಲ್ಲೇ ಇಟ್ಟು, ಕೈ ತೊಳೆದು ಊಟಕ್ಕೆ ಕೂತೆವು.